ಎಡಗಡೆ ಹಿಂದಿನ ಸ್ಪೀಕರ್

ಜಯಕ್ಕ, ನಿಮ್ಮ ಎಡಗಿವಿ ಕೇಳುತ್ತಿಲ್ಲ ಎಂಬುದು ನಿಮಗಿಂತ ಮೊದಲು ನನಗೆ ಗೊತ್ತಿತ್ತು. ನಿಮ್ಮ ಯಜಮಾನರು ಶಿವಣ್ಣನವರಿಗಿಂತ ಮೊದಲು, ನಿಮ್ಮ ತಲೆಯ ಸ್ಕ್ಯಾನ್ ನೋಡಿದ ಡಾಕ್ಟರಿಗಿಂತ ಎರಡೂವರೆ ವರ್ಷ ಮೊದಲು. ಗೊತ್ತಿದ್ದೂ ಹೇಳಲಿಲ್ಲ. ಬರೀ ಹೇಳದೆ ಇದ್ದಿದ್ದರೆ ಅದು ಒಂದು ಮಾತು — ನಾನು ಅದನ್ನು ಮುಚ್ಚಿಟ್ಟೆ. ಆಂಪ್ಲಿಫೈಯರಿನ ಹಿಂಭಾಗದ ಒಂದು ನಾಬ್ ತಿರುಗಿಸಿ, ಅದರ ಮೇಲೆ ಕಪ್ಪು ಟೇಪು ಸುತ್ತಿ, ‘ಇದನ್ನ ಮಾತ್ರ ಮುಟ್ಬೇಡಿ’ ಎಂದು ಹೇಳಿ, ನಿಮ್ಮ ಮನೆಯಲ್ಲೇ ಕಾಫಿ ಕುಡಿದು ಬಂದೆ.

ಇಷ್ಟು ಬರೆಯುವುದಕ್ಕೇ ನಾಲ್ಕು ದಿನ ಹಿಡಿಯಿತು. ನಾನು ವೈರಿಗೆ ಬೆಸುಗೆ ಹಾಕುವವನು, ಬರೆಯುವವನಲ್ಲ. ಎಲ್ಲಾದರೂ ತಪ್ಪಿದ್ದರೆ — ಅಯ್ಯೋ, ತಪ್ಪಿದ್ದರೆ ಅಂತೆ! ಈ ಕಾಗದದಲ್ಲಿ ಇರುವುದೆಲ್ಲ ಅದೇ. ಮೊದಲಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಾನು ಏನು ಮಾಡುತ್ತಿದ್ದೆ ಎನ್ನುವುದು ನಿಮಗೆ ಕಂಡಿಲ್ಲ.

ದಟ್ಟಗಳ್ಳಿಯಲ್ಲಿ ನೀವು ಮನೆ ಕಟ್ಟಿ ಮುಗಿಸಿದ ವರ್ಷ ಅದು. ಶಿವಣ್ಣನವರಿಗೆ ಹಾಲ್‌ನಲ್ಲಿ ಸರೌಂಡ್ ಸೌಂಡ್ ಹಾಕಿಸಬೇಕು ಎನ್ನುವ ಹುಚ್ಚು. ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ಪ್ರೆಸ್ ಮಷಿನ್ನಿನ ಪಕ್ಕ ಇಪ್ಪತ್ತು ವರ್ಷ ನಿಂತು ಅವರ ಎರಡು ಕಿವಿಯೂ ಮಂದವಾಗಿದ್ದವು. ಆದರೂ ಸಿನಿಮಾದಲ್ಲಿ ಮಳೆ ಬಂದರೆ ಬೆನ್ನ ಹಿಂದೆಯೂ ಬರಬೇಕು ಅನ್ನುವವರು. ನಿಮಗೋ, ಮನೆಯಲ್ಲೇ ಕೂತು ಮದುವೆ ಕರೆಯೋಲೆ, ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುವ ಕೆಲಸ. ಕಂಪ್ಯೂಟರಿನಲ್ಲಿ ಹಾಡು ಹಾಕಿಕೊಳ್ಳದೆ ಬೆರಳು ಓಡುವುದಿಲ್ಲ ಎನ್ನುತ್ತಿದ್ದಿರಿ. ಇಬ್ಬರೂ ಸೇರಿ ಊರೆಲ್ಲ ಸುತ್ತಿದ್ದಿರಿ. ದೊಡ್ಡ ಶೋರೂಮಿನಲ್ಲಿ ಬೆಲೆ ಕೇಳಿ ಗಾಜಿನ ಬಾಗಿಲು ತಳ್ಳಿಕೊಂಡು ಆಚೆ ಬಂದಿದ್ದಿರಿ. ಅಗ್ಗದ ಅಂಗಡಿಯವನು ಐದು ಡಬ್ಬ ಇಟ್ಟು, ಐದರಲ್ಲೂ ಒಂದೇ ಸದ್ದು ಬರಿಸಿ, ಇದೇ ಸರೌಂಡ್ ಎಂದಿದ್ದ. ‘ಒಂದೇ ಮಾತನ್ನ ಐದು ಜನ ಹೇಳ್ದಂಗಾಯ್ತು ಕಣ್ರೀ ಇದು’ ಎಂದು ನೀವೇ ಅವನ ಗುಟ್ಟು ಹಿಡಿದಿದ್ದಿರಂತೆ.

ಕೊನೆಗೆ ಕೃಷ್ಣಮೂರ್ತಿಪುರಂನ ನನ್ನ ಅಂಗಡಿಗೆ ಬಂದಾಗ ನಿಮ್ಮ ಕೈಯಲ್ಲಿ ಒಂದು ನೋಟ್‌ಬುಕ್ಕು ಇತ್ತು. ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡಿದ್ದಿರಿ — ಟಿವಿಗೂ ಆಗಬೇಕು, ಕಂಪ್ಯೂಟರಿಗೂ ಆಗಬೇಕು, ಕೈಗೆಟುಕುವಂತಿರಬೇಕು. ನನಗೆ ಖುಷಿಯಾಗಿಹೋಯಿತು. ಕೇಳುವುದಕ್ಕೆ ಗೊತ್ತಿರುವ ಗಿರಾಕಿ ಬಂದರೆ ನನಗೆ ಬಾಯಿ ನಿಲ್ಲುವುದಿಲ್ಲ, ನಿಮಗೇ ಗೊತ್ತು. ‘ದೊಡ್ಡ ಹೆಸರಿನ ಸೆಟ್ಟೇ ಬೇಡ ಬುಡಿ ಜಯಕ್ಕ. ನಿಮ್ಮ ಕಂಪ್ಯೂಟರಿನ ಬೆನ್ನಲ್ಲಿ ಹಸಿರು, ಕಪ್ಪು, ಕಿತ್ತಳೆ ಅಂತ ಮೂರು ತೂತಿವೆ ನೋಡಿ, ಸರೌಂಡ್ ಅಲ್ಲೇ ಇದೆ. ನಾನು ಒಂದು ಆಂಪ್ಲಿಫೈಯರ್ ಬೋರ್ಡು, ಐದು ಸಣ್ಣ ಸ್ಪೀಕರು, ಮರದಲ್ಲಿ ಒಂದು ಬೇಸ್ ಡಬ್ಬ ಕೊಟ್ರೆ ಆಯ್ತು. ಟಿವೀನೂ ಅದಕ್ಕೇ ಕಟ್ಬುಡೋಣ’ ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ — ಆ ದಿನದ ತನಕ ನನ್ನ ಕೆಲಸದಲ್ಲಿ ಸುಳ್ಳಿರಲಿಲ್ಲ. ಅದೇ ನನ್ನ ಜಂಬ.

ಆ ಜಂಬಕ್ಕಾಗಿಯೇ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಕುರ್ಚಿ ಪರೀಕ್ಷೆ. ಕೈಯಲ್ಲಿ ಮಾಡಿದ ಸೆಟ್ ಎಂದರೆ ಜನ ನಂಬುವುದಿಲ್ಲವಲ್ಲ, ಅದಕ್ಕೆ. ಹಾಲ್‌ನ ನಡುವೆ ಕುರ್ಚಿ ಹಾಕಿ ಮನೆಯವರನ್ನು ಕೂರಿಸಬೇಕು, ಅವರು ಕಣ್ಣು ಮುಚ್ಚಬೇಕು. ನಾನು ಒಂದೊಂದೇ ಸ್ಪೀಕರಿನಿಂದ ಸಣ್ಣಗೆ ಸದ್ದು ಬಿಡುತ್ತೇನೆ — ಒಗ್ಗರಣೆ ಹಾಕಿದಾಗ ಚುರ್ ಅನ್ನುತ್ತದಲ್ಲ, ಹಾಗೆ. ಸದ್ದು ಬಂದ ಕಡೆಗೆ ಅವರು ಕೈ ಎತ್ತಬೇಕು. ಐದಕ್ಕೆ ಐದೂ ಕೈ ಎದ್ದರೆ ಸೆಟ್ ಅವರದು. ಒಂದು ತಪ್ಪಿದರೂ ನಾನು ಮರುಮಾತಾಡದೆ ಎಲ್ಲವನ್ನೂ ಬಿಚ್ಚಿ ಹೊತ್ತುಕೊಂಡು ಹೋಗಬೇಕು. ಹೀಗೆ ಹೇಳಿಕೊಂಡೇ ಹೆಸರು ಮಾಡಿದ್ದೆ.

ನಿಮ್ಮ ಮನೆಯಲ್ಲಿ ಸೆಟ್ ಜೋಡಿಸಿದ ದಿನ, ಮಧ್ಯಾಹ್ನ. ಶಿವಣ್ಣನವರೇ ಕೂರುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕು, ‘ನನ್ನ ಕಿವಿ ಮಷಿನ್‌ಗೆ ಕೊಟ್ಬುಟ್ಟಿದೀನಿ ಚೌರಪ್ಪನೋರೆ. ಈ ಮನೇಲಿ ಕಿವಿ ಅಂದ್ರೆ ಜಯಾದೇ. ಅವ್ಳನ್ನ ಕೂರ್ಸಿ, ಅವ್ಳು ಸೈ ಅಂದ್ರೆ ಸೈ’ ಎಂದರು. ನೀವು ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಿರಿ. ನಿಮ್ಮ ಅತ್ತೆಯವರು ಸೋಫಾದ ತುದಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಮುಂದಿನ ಎಡ — ಕೈ ಎದ್ದಿತು, ಸ್ವಲ್ಪ ತಡವಾಗಿ. ನಡುವಿನದು — ಎದ್ದಿತು. ಮುಂದಿನ ಬಲ, ಹಿಂದಿನ ಬಲ — ಟಕ್ಕನೆ ಎದ್ದಿತು. ಕೊನೆಗೆ ಹಿಂದಿನ ಎಡ.

ಕೈ ಏಳಲಿಲ್ಲ.

ನೀವು ಕಣ್ಣು ಮುಚ್ಚಿ, ತುಟಿಯಲ್ಲಿ ಒಂದು ಸಣ್ಣ ನಗು ಇಟ್ಟುಕೊಂಡು, ಇನ್ನೂ ಬರಬೇಕಾದ ಸದ್ದಿಗೆ ಕಾಯುತ್ತಿದ್ದಿರಿ. ಸದ್ದು ಬರುತ್ತಲೇ ಇತ್ತು. ಸ್ಪೀಕರ್ ಕೆಟ್ಟಿದೆಯೇನೋ ಎಂದು ಬಲಗಡೆಯದನ್ನು ಬಿಚ್ಚಿ ಎಡಕ್ಕೆ ಹಾಕಿದೆ, ಎಡಗಡೆಯದನ್ನು ಬಲಕ್ಕೆ. ಬಲಕ್ಕೆ ಹೋದದ್ದು ಕೇಳಿಸಿತು, ಎಡಕ್ಕೆ ಬಂದದ್ದು ಕೇಳಿಸಲಿಲ್ಲ. ವೈರು ಬದಲಾಯಿಸಿದೆ. ಊಹೂಂ. ಆಗ ನನಗೆ ಹೊಳೆಯಿತು. ಆದರೂ ಖಾತ್ರಿ ಮಾಡಿಕೊಳ್ಳಬೇಕಲ್ಲ — ವೈರು ನೋಡುವವನ ಹಾಗೆ ನಿಮ್ಮ ಎಡಗಡೆ ಬಂದು, ನಿಮ್ಮ ಕಿವಿಯಿಂದ ಒಂದು ಗೇಣು ದೂರದಲ್ಲಿ ಹೆಬ್ಬೆರಳು ತೋರುಬೆರಳು ಉಜ್ಜಿದೆ. ಒಣಗಿದ ಬೆರಳು ನನ್ನವು, ಸರಸರ ಅನ್ನುತ್ತವೆ. ನೀವು ಅಲುಗಲಿಲ್ಲ. ಇನ್ನೊಂದು ಸಲ ಉಜ್ಜಿದೆ. ಆ ನಗು ಹಾಗೇ ಇತ್ತು ಜಯಕ್ಕ. ಅದೇ ನಗು, ಕಾಯುವ ನಗು. ಆಮೇಲೆ ಬಲಗಡೆ ಬಂದು ಉಜ್ಜಿದೆ. ಕಣ್ಣು ಮುಚ್ಚಿಕೊಂಡೇ ತಟ್ಟನೆ ಬಲಗೈ ಎತ್ತಿಬಿಟ್ಟಿರಿ.

ಆ ಕ್ಷಣದಲ್ಲಿ ನನಗೆ ಸಂಶಯವಿರಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು ಎಂದೇ ನಾಲ್ಕು ದಿನದಿಂದ ಕೂತಿದ್ದೇನೆ. ನನಗೆ ಗೊತ್ತಿತ್ತು.

ಶಿವಣ್ಣನವರು, ‘ಏನಾಯ್ತು, ಕೇಳಿಸ್ತಿಲ್ವಾ? ಕೇಳಿಸ್ಲಿಲ್ಲ ಅಂದ್ರೆ ಬಿಚ್ಕೊಂಡು ಹೋಗ್ಬುಡಿ ಮತ್ತೆ, ನೀವೇ ಹೇಳಿದ್ದು’ ಎಂದರು, ತಮಾಷೆಗೆ. ಅತ್ತೆಯವರು ಅವರೆಕಾಯಿಂದ ತಲೆ ಎತ್ತದೆ, ‘ಇವ್ಳಿಗೆ ಕೇಳ್ಸಿದ್ರೂ ಎಲ್ಲಿ ಓಗೊಡ್ತಾಳೆ ಕಣಪ್ಪ? ನಾನು ರೂಮಿಂದ ಹತ್ತು ಸಲ ಕೂಗಿದ್ರೂ ತಿರುಗಲ್ಲ. ಧಿಮಾಕು’ ಎಂದರು. ನೀವು ಕಣ್ಣು ತೆರೆದು ನನ್ನನ್ನು ನೋಡಿದಿರಿ. ಗಾಬರಿಯಾಗಿತ್ತು ನಿಮಗೆ. ಪರೀಕ್ಷೆಯಲ್ಲಿ ಫೇಲಾದವರ ಮುಖ.

ಒಂದು ಮಾತು. ‘ಜಯಕ್ಕ, ಒಂದ್ಸಲ ಕಿವಿ ತೋರಿಸ್ಕೊಂಡು ಬನ್ನಿ.’ ಇಷ್ಟೇ. ಹೇಳಿದ್ದರೆ ಶಿವಣ್ಣನವರಿಗೆ ಅರ್ಥವಾಗುತ್ತಿತ್ತು, ಅತ್ತೆಯವರ ಬಾಯಿಯೂ ಮುಚ್ಚುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ತಿಂಗಳಲ್ಲಿ ಆಗಲೇ ಎರಡು ಮನೆಯಿಂದ ಸೆಟ್ ಬಿಚ್ಚಿ ಹೊತ್ತು ತಂದಿದ್ದೆ. ಮೂರನೆಯದನ್ನೂ ಆಟೋದಲ್ಲಿ ಹಾಕಿಕೊಂಡು ಬೀದಿಯವರೆದುರು ಇಳಿಸುವುದು — ನನ್ನ ಸೆಟ್ಟು ಸರಿಯಿದ್ದೂ! — ನನ್ನಿಂದಾಗಲಿಲ್ಲ. ಸೆಟ್ಟಿನ ಮರ್ಯಾದೆ ಉಳಿಸಬೇಕಾಗಿತ್ತು ನನಗೆ. ಥೂ, ಡಬ್ಬಗಳ ಮರ್ಯಾದೆ.

‘ಏನಿಲ್ಲ, ಆ ಪರದೆ ಸೌಂಡ್ ತಿಂದ್ಬುಡ್ತಿದೆ ಕಣ್ರೀ’ ಎಂದೆ. ಎಡಗಡೆ ಕಿಟಕಿಗೆ ನೀಲಿ ಪರದೆ ಹಾಕಿದ್ದಿರಲ್ಲ, ಅದು. ಆಂಪ್ಲಿಫೈಯರಿನ ಹಿಂದೆ ಹೋಗಿ ಎಡಗಡೆಯ ನಾಬನ್ನು ಕೊನೆಯವರೆಗೂ ತಿರುಗಿಸಿದೆ. ಸ್ಪೀಕರನ್ನು ಗೋಡೆಗೆ ಮುಖ ಮಾಡಿ ಓರೆಯಾಗಿಟ್ಟೆ, ಸದ್ದು ಗೋಡೆಗೆ ಬಡಿದು ಸುತ್ತಿ ನಿಮ್ಮ ಬಲಗಿವಿಗೆ ಬರಲಿ ಎಂದು. ಮತ್ತೆ ಮೊದಲಿಂದ ಶುರು ಮಾಡಿದೆ, ಅದೇ ಕ್ರಮದಲ್ಲಿ. ಕ್ರಮ ಬದಲಾಯಿಸಲಿಲ್ಲ — ಯಾಕೆಂದರೆ ನಾಲ್ಕು ಕಡೆ ಮುಗಿದ ಮೇಲೆ ಎಲ್ಲಿಂದಲೋ ಒಂದು ಸದ್ದು ಕೇಳಿಸಿದರೆ ಯಾರಾದರೂ ಐದನೆಯ ಕಡೆಗೇ ಕೈ ಎತ್ತುತ್ತಾರೆ. ನೀವೂ ಎತ್ತಿದಿರಿ. ಶಿವಣ್ಣನವರು ಚಪ್ಪಾಳೆ ಹೊಡೆದರು. ನೀವು ‘ಅಬ್ಬಾ’ ಎಂದಿರಿ. ನಾನು ನಾಬಿಗೆ ಟೇಪು ಸುತ್ತಿದೆ.

ಇಲ್ಲಿಗೇ ಮುಗಿದಿದ್ದರೆ ಏನೋ ಒಂದು ಗಳಿಗೆಯ ದುರ್ಬುದ್ಧಿ ಅನ್ನಬಹುದಿತ್ತು. ಮುಗಿಯಲಿಲ್ಲ.

ಒಂದು ವರ್ಷವಾಗಿರಬೇಕು, ನೀವು ಫೋನ್ ಮಾಡಿದಿರಿ. ‘ಚೌರಪ್ಪಣ್ಣ, ಎಡಗಡೆದು ಮತ್ತೆ ಕಮ್ಮಿ ಆಗ್ಬುಟ್ಟಿದೆ. ಪರದೆನೂ ತೆಗೆದ್ಬಿಟ್ಟೆ, ಆದ್ರೂ ಅಷ್ಟೇ.’ ಬಂದು ನೋಡಿದೆ. ಕಿಟಕಿ ಬೋಳಾಗಿತ್ತು. ನಾನು ಹೇಳಿದ ಸುಳ್ಳನ್ನು ನಂಬಿ ಪರದೆ ಮಡಿಸಿ ಬೀರುವಿನಲ್ಲಿಟ್ಟಿದ್ದಿರಿ. ಮಧ್ಯಾಹ್ನದ ಬಿಸಿಲು ನೇರವಾಗಿ ಕಂಪ್ಯೂಟರಿನ ಸ್ಕ್ರೀನಿಗೆ ಬಡಿಯುತ್ತಿತ್ತು, ನೀವು ಕಣ್ಣು ಕಿರಿದು ಮಾಡಿಕೊಂಡು ಯಾರದೋ ಮದುವೆಯ ಕರೆಯೋಲೆ ಟೈಪ್ ಮಾಡುತ್ತಿದ್ದಿರಿ. ಆಗಲೂ ಹೇಳಬಹುದಿತ್ತು. ನೀವೇ ದಾರಿ ತೆಗೆದುಕೊಟ್ಟಿರಿ. ‘ಇನ್ನೊಂದು ವಿಷ್ಯ ಚೌರಪ್ಪಣ್ಣ. ಎಡಗಡೆಯಿಂದ ಸದಾ ಗುಂಯ್ ಅಂತ ಒಂದು ಸದ್ದು ಬರ್ತಿರುತ್ತೆ. ನಿಮ್ಮ ಸ್ಪೀಕರಿಂದ ಇರ್ಬೇಕು ಅಂತ ಸೆಟ್ ಆಫ್ ಮಾಡ್ದೆ. ಆಫ್ ಮಾಡಿದ್ರೂ ಬರುತ್ತೆ.’

ಆಫ್ ಮಾಡಿದ ಮೇಲೂ ಬರುವ ಸದ್ದು ಸೆಟ್ಟಿನದ್ದಲ್ಲ. ಈ ಕಸುಬಿನಲ್ಲಿ ಒಂದು ವಾರ ಇದ್ದವನಿಗೂ ಅದು ತಿಳಿಯುತ್ತದೆ. ನಾನು ಏನು ಹೇಳಿದೆ, ನೆನಪಿದೆಯಾ? ‘ಅರ್ಥಿಂಗ್ ಸರಿ ಇಲ್ಲ ಅನ್ಸುತ್ತೆ.’ ಅಷ್ಟು ಹೇಳಿ, ಸ್ವಿಚ್ ಬೋರ್ಡ್ ಬಿಚ್ಚಿ, ಹಿತ್ತಲಿನವರೆಗೂ ಒಂದು ಹಸಿರು ವೈರು ಎಳೆದೆ. ನಿಮ್ಮ ತಲೆಯೊಳಗಿನ ಸದ್ದಿಗೆ ಹಿತ್ತಲಿನಲ್ಲಿ ಅರ್ಥ್ ಕೊಟ್ಟೆ ಜಯಕ್ಕ. ಎಡಗಡೆಗೆ ಇನ್ನೂ ದೊಡ್ಡ ಸ್ಪೀಕರ್ ಹಾಕಿದೆ. ಪುಕ್ಕಟೆಯಾಗಿ. ಪುಕ್ಕಟೆ ಹಾಕಿಕೊಟ್ಟ ನನ್ನನ್ನು ನೀವು ಇಬ್ಬರೂ ಹೊಗಳಿದಿರಿ, ನಾನು ಹೊಗಳಿಸಿಕೊಂಡೆ.

ಆಮೇಲಿನದು ನನಗೆ ಶಿವಣ್ಣನವರ ಫೋನಿನಲ್ಲಿ ತಿಳಿದದ್ದು. ನೀವು ಮೆಟ್ಟಿಲಿನಲ್ಲಿ ತಲೆ ತಿರುಗಿ ಬಿದ್ದಿರಿ. ಸ್ಕ್ಯಾನ್ ಮಾಡಿದರು. ಕಿವಿಯ ನರದ ಪಕ್ಕ ಗಂಟು. ಕ್ಯಾನ್ಸರ್ ಅಲ್ಲ ಎಂದರು, ಆದರೆ ಸಣ್ಣ ನಿಂಬೆಹಣ್ಣಿನಷ್ಟಾಗಿತ್ತು. ತೆಗೆದರು. ನೀವು ಉಳಿದಿರಿ, ಕಿವಿ ಉಳಿಯಲಿಲ್ಲ, ಮುಖದ ಎಡಗಡೆಯ ನರವೂ ಉಳಿಯಲಿಲ್ಲ.

ನೋಡಲು ಬಂದಾಗ ಮೂಸಂಬಿ ತಂದಿದ್ದೆ. ನೀವು ಸೋಫಾದ ಮೇಲೆ ಕೂತಿದ್ದಿರಿ, ತಲೆಗೆ ಬಟ್ಟೆ ಕಟ್ಟಿಕೊಂಡು. ನನ್ನನ್ನು ಕಂಡು ನಕ್ಕಿರಿ. ಬಲಗಡೆ ನಕ್ಕಿತು, ಎಡಗಡೆ ಸುಮ್ಮನಿತ್ತು. ಮುಚ್ಚಲಾಗದ ಎಡಗಣ್ಣಿಗೆ ಔಷಧಿ ಬಿಟ್ಟುಕೊಳ್ಳುತ್ತಾ ನೀವು ಹೇಳಿದ ಮಾತು ಇದು — ನಾನು ಮರೆತಿಲ್ಲ, ಮರೆಯುವುದೂ ಇಲ್ಲ: ‘ಡಾಕ್ಟ್ರು ಯಾವಾಗಿಂದ ಕೇಳಿಸ್ತಿಲ್ಲ ಅಂದ್ರು. ನಾನು ಹೇಳ್ದೆ, ಇತ್ತೀಚೆಗೇ ಸಾರ್, ಎರಡು ವರ್ಷದ ಹಿಂದೆ ಸರಿಯಾಗೇ ಇತ್ತು. ನಮ್ಮ ಚೌರಪ್ಪಣ್ಣ ಕುರ್ಚಿ ಮೇಲೆ ಕೂರ್ಸಿ ಟೆಸ್ಟ್ ಮಾಡಿದ್ರು, ಐದೂ ಕಡೆ ಕೇಳಿಸ್ತಿತ್ತು ಅಂತ.’

ಶಿವಣ್ಣನವರು ಪಕ್ಕದಲ್ಲಿ ನಿಂತು ಮಾತು ಸೇರಿಸಿದರು. ಹುಣಸೆಬೀಜದಷ್ಟಿದ್ದಾಗ ಬಂದಿದ್ದರೆ ಮುಖ ಉಳಿಸಬಹುದಿತ್ತು ಎಂದರಂತೆ ಡಾಕ್ಟರು. ‘ಯಾರಿಗೆ ಗೊತ್ತಾಗುತ್ತೆ ಚೌರಪ್ಪನೋರೆ, ಒಳಗಡೆ ಇರೋದು’ ಎಂದು ನಿಟ್ಟುಸಿರು ಬಿಟ್ಟರು. ಅತ್ತೆಯವರು ನಿಮಗೆ ಗಂಜಿ ತಂದು, ‘ನಾನು ಧಿಮಾಕು ಅಂದ್ಕೊಂಡಿದ್ನಲ್ಲವ್ವ’ ಎಂದು ಅಲ್ಲೇ ಅತ್ತರು. ಆ ಮನೆಯಲ್ಲಿ ಎಲ್ಲರೂ ತಪ್ಪು ಒಪ್ಪಿಕೊಳ್ಳುತ್ತಿದ್ದರು, ತಪ್ಪು ಮಾಡಿದವನೊಬ್ಬನನ್ನು ಬಿಟ್ಟು.

ಗಂಟಿದೆ ಎಂದು ನನಗೆ ಗೊತ್ತಿರಲಿಲ್ಲ. ಈ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ನಾನು ಡಾಕ್ಟರೇ? ಸ್ಪೀಕರ್ ಮಾಡುವವನು. ಆದರೆ ಈ ಮಾತು ಮುಗಿಯುವ ಮೊದಲೇ ಎರಡನೆಯದು ಎದ್ದು ನಿಲ್ಲುತ್ತದೆ — ಗಂಟು ಗೊತ್ತಿರಲಿಲ್ಲ, ಕಿವಿ ಗೊತ್ತಿತ್ತು.

ಆಮೇಲೆ ನಾನು ಚರ್ಚಿಗೆ ಹೋಗಿ ಪಾಪನಿವೇದನೆ ಮಾಡಿದೆ. ನಮ್ಮಲ್ಲಿ ಆ ಅನುಕೂಲ ಇದೆಯಲ್ಲ. ಮಂಡಿಯೂರಿ, ಜಾಲರಿಯ ಆಚೆ ಕೂತ ಫಾದರಿಗೆ, ‘ವ್ಯಾಪಾರದಲ್ಲಿ ಒಂದು ಸುಳ್ಳು ಹೇಳಿದೆ, ಸ್ವಾಮಿ’ ಎಂದೆ. ಅವರು ಒಂದು ಜಪಸರದ ಪ್ರಾರ್ಥನೆ ಹೇಳು ಎಂದರು. ಪಾಪವನ್ನು ಅಷ್ಟು ಸಣ್ಣದು ಮಾಡಿ ಹೇಳಿ, ಅಷ್ಟೇ ಸಣ್ಣ ಪ್ರಾಯಶ್ಚಿತ್ತ ತೆಗೆದುಕೊಂಡು, ಮೆಟ್ಟಿಲಿಳಿದು ಬಂದೆ. ಮೆಟ್ಟಿಲು ಮುಗಿಯುವುದರೊಳಗೆ ಗೊತ್ತಾಯಿತು, ಅಲ್ಲೂ ನಾನು ನಾಬ್ ತಿರುಗಿಸಿಯೇ ಬಂದಿದ್ದೆ.

ಈಗ ಹೇಗಾಗಿದೆಯೆಂದರೆ — ಬೆಳಗ್ಗೆ ಎದ್ದ ಕೂಡಲೇ ನನ್ನ ಎಡಗಿವಿಯ ಪಕ್ಕ ಬೆರಳು ಉಜ್ಜಿ ನೋಡಿಕೊಳ್ಳುತ್ತೇನೆ. ನನಗೆ ಕೇಳಿಸುತ್ತದೆ. ಚೆನ್ನಾಗಿ ಕೇಳಿಸುತ್ತದೆ. ದಿನವೆಲ್ಲ ಆ ಸರಸರ ಹೋಗುವುದಿಲ್ಲ. ಅಂಗಡಿಯಲ್ಲಿ ಹೊಸ ಸೆಟ್ ಹಚ್ಚಿ ಪರೀಕ್ಷೆ ಮಾಡುತ್ತೇನಲ್ಲ, ಸದ್ದು ಮುಂದಿನ ಎಡದಿಂದ ಹೊರಟು ಸುತ್ತುತ್ತಾ ಹಿಂದಿನ ಎಡಕ್ಕೆ ಬಂದಾಗ, ನಡುವಿನ ಖಾಲಿ ಕುರ್ಚಿಯಲ್ಲಿ ನೀವು ಕೂತಿರುತ್ತೀರಿ. ಕಣ್ಣು ಮುಚ್ಚಿಕೊಂಡು, ಕಾಯುತ್ತಾ, ನಗುತ್ತಾ. ಕೈ ತೊಡೆಯ ಮೇಲೆಯೇ ಇರುತ್ತದೆ. ಹಾಡುಹಗಲು ಜಯಕ್ಕ, ಎದುರಿಗೆ ಗಿರಾಕಿ ನಿಂತಿರುತ್ತಾರೆ. ‘ಏನ್ರೀ ಚೌರಪ್ಪ, ನಿಂತ್ಬುಟ್ರಿ?’ ಅನ್ನುತ್ತಾರೆ. ಕುರ್ಚಿ ಪರೀಕ್ಷೆ ಬಿಟ್ಟುಬಿಟ್ಟೆ. ಕುರ್ಚಿಯನ್ನೂ ಕೊಟ್ಟುಬಿಟ್ಟೆ. ಕುರ್ಚಿ ಇದ್ದ ಜಾಗ ಇದೆಯಲ್ಲ.

ಇನ್ನೊಂದು ಉಳಿದಿದೆ. ಇದನ್ನು ಬರೆಯಲು ಕೈ ಬರುತ್ತಿಲ್ಲ.

ನಾನು ನಿಮಗೆ ಇದನ್ನೆಲ್ಲ ಒಮ್ಮೆ ಹೇಳಿಯಾಗಿದೆ. ಮೂಸಂಬಿ ತಂದ ದಿನವೇ. ಶಿವಣ್ಣನವರು ಯಾರನ್ನೋ ಮಾತಾಡಿಸಲು ಗೇಟಿನ ಹತ್ತಿರ ಹೋಗಿದ್ದರು, ಅತ್ತೆಯವರು ಅಡುಗೆಮನೆಯಲ್ಲಿದ್ದರು. ನೀವು ಕಿಟಕಿಯ ಕಡೆ ನೋಡುತ್ತಾ ಕೂತಿದ್ದಿರಿ. ನಾನು ಎದ್ದು ಬಂದು ನಿಮ್ಮ ಎಡಗಡೆ ಕೂತೆ. ಮೆಲ್ಲಗೆ ಹೇಳಿದೆ — ‘ಜಯಕ್ಕ, ನನಗೆ ಆವತ್ತೇ ಗೊತ್ತಿತ್ತು. ನಿಮಗೆ ಕೇಳಿಸ್ತಿರಲಿಲ್ಲ. ನಾನೇ ಮುಚ್ಚಾಕ್ದೆ. ತಪ್ಪಾಯ್ತು.’ ಅಷ್ಟನ್ನೂ ಹೇಳಿದೆ. ನೀವು ತಿರುಗಲಿಲ್ಲ. ಆ ಕಡೆ ಏನು ಹೇಳಿದರೂ ನಿಮಗೆ ಕೇಳಿಸುವುದಿಲ್ಲ ಎಂದು ಲೋಕದಲ್ಲಿ ಎಲ್ಲರಿಗಿಂತ ಮೊದಲು ತಿಳಿದವನು ನಾನು, ಆ ಕಡೆಯನ್ನೇ ಆರಿಸಿಕೊಂಡು ಕೂತಿದ್ದೆ. ಹೇಳಿ ಮುಗಿಸಿದಾಗ ಎದೆ ಹಗುರವಾಯಿತು. ಎಂಥ ಹೇಡಿ ನೋಡಿ — ನಿಜವಾಗಿಯೂ ಹಗುರವಾಯಿತು. ಗೇಟು ದಾಟುವ ತನಕ.

ನಿನ್ನೆ ಶಿವಣ್ಣನವರು ಫೋನ್ ಮಾಡಿದ್ದರು. ನೀವು ಮತ್ತೆ ಟೈಪಿಂಗಿಗೆ ಕೂತಿದ್ದೀರಂತೆ, ಹಾಡು ಹಾಕಿಕೊಂಡರೆ ಅರ್ಧ ಹಾಡು ಎಲ್ಲೋ ಹೋಗುತ್ತದೆ ಎನ್ನುತ್ತೀರಂತೆ. ‘ಎಲ್ಲಾ ಸೌಂಡೂ ಒಂದೇ ಕಡೆ ಬರೋ ಹಾಗೆ ಮಾಡ್ಕೊಡ್ತೀರಾ? ನೀವೇ ಬರ್ಬೇಕು, ಬೇರೆಯವ್ರು ಬೇಡ ಅಂತಾಳೆ ಜಯಾ. ಬಂದು ಇನ್ನೊಂದ್ಸಲ ಕುರ್ಚಿ ಮೇಲೆ ಕೂರ್ಸಿ ನೋಡ್ಬುಡಿ’ ಎಂದರು. ಆಗಬಹುದು ಎಂದೆ. ಕೆಲಸ ಕಷ್ಟದ್ದಲ್ಲ. ಐದು ಕಡೆಯ ಸದ್ದನ್ನೂ ಒಂದಕ್ಕೆ ಸೇರಿಸಿ ಬಲಗಡೆ ಒಂದು ಒಳ್ಳೆಯ ಸ್ಪೀಕರ್ ಇಟ್ಟರೆ ಒಂದು ಅಕ್ಷರವೂ ಹೋಗುವುದಿಲ್ಲ. ಕಿಟಕಿಗೆ ಪರದೆಯನ್ನೂ ಹಾಕಬಹುದು. ಅದು ಏನನ್ನೂ ತಿನ್ನುತ್ತಿರಲಿಲ್ಲ.

ಕ್ಷಮಿಸಿ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಅದನ್ನು ಕೇಳುವ ಹಕ್ಕು ನನಗಿಲ್ಲ. ನಿಮ್ಮ ಮುಖ ನನ್ನ ಕ್ಷಮಾಪಣೆಯಿಂದ ಸರಿಯಾಗುವುದಿಲ್ಲ. ಡಾಕ್ಟರಿಗೆ ನೀವು ಹೇಳಿದ್ದು ತಪ್ಪು, ನಿಮ್ಮ ತಪ್ಪಲ್ಲ — ಇದಿಷ್ಟು ನಿಮಗೆ ತಿಳಿಯಬೇಕು. ಆ ಕುರ್ಚಿಯಲ್ಲಿ ಕೂತ ದಿನವೇ ನಿಮಗೆ ಕೇಳಿಸುತ್ತಿರಲಿಲ್ಲ. ಅತ್ತೆಯವರು ಕೂಗಿದಾಗ ನೀವು ಬೇಕೆಂದು ಸುಮ್ಮನಿದ್ದವರಲ್ಲ. ಅದಕ್ಕೆ ಸಾಕ್ಷಿ ನಾನು.

ನಾಳೆ ಮಧ್ಯಾಹ್ನ ಬರುತ್ತೇನೆ. ನಾಲಿಗೆ ಕೈಕೊಟ್ಟರೆ ಇರಲಿ ಎಂದು ಈ ಕಾಗದ ಜೇಬಿನಲ್ಲಿರುತ್ತದೆ. ಟೂಲ್ ಬ್ಯಾಗನ್ನು ಒಳಗೆ ತರುವುದಿಲ್ಲ, ಚಪ್ಪಲಿಯ ಪಕ್ಕ ಆಚೆಯೇ ಇಡುತ್ತೇನೆ. ಮೊದಲು ನಿಮ್ಮ ಬಲಗಡೆ ಕೂತು, ಶಿವಣ್ಣನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಇದನ್ನು ಹೇಳುತ್ತೇನೆ. ಆಮೇಲೆ ನೀವು ಬ್ಯಾಗು ತಗೊಂಡು ಬನ್ನಿ ಎಂದರೆ ತರುತ್ತೇನೆ.